ಹೆಚ್ಚು ಗೆದ್ದವನು ಮೂರನೆಯವನಾದ ಬಗೆ

ಒಂದು ತರಗತಿಯಲ್ಲಿ ಇಬ್ಬರು ವಿದ್ಯಾರ್ಥಿಗಳಿರುವರೆಂದು ಭಾವಿಸೋಣ. ಒಬ್ಬನು ಗಣಿತದಲ್ಲಿ ನೂರಕ್ಕೆ ನೂರು ಪಡೆದು ಚರಿತ್ರೆಯಲ್ಲಿ ಇಪ್ಪತ್ತಕ್ಕೆ ಇಳಿಯುವನು. ಇನ್ನೊಬ್ಬನು ಎರಡರಲ್ಲಿಯೂ ಎಪ್ಪತ್ತು ಪಡೆಯುವನು. ಇವರಲ್ಲಿ ಯಾರು ಮೇಲು? ಅಂಕಗಳನ್ನು ಕೂಡಿ ಶ್ರೇಣಿಯ ಪಟ್ಟಿಯನ್ನು ಸಿದ್ಧಪಡಿಸುವ ಉಪಾಧ್ಯಾಯರು ಎರಡನೆಯವನ ಹೆಸರನ್ನು ಮೇಲೆ ಬರೆಯುವರು. ಗಣಿತ ಬಲ್ಲವನೊಬ್ಬನನ್ನು ಹುಡುಕುತ್ತ ಬಂದವರು ಮೊದಲನೆಯವನನ್ನು ಆರಿಸಿಕೊಳ್ಳುವರು. ಎರಡು ತೀರ್ಪುಗಳಲ್ಲಿ ಯಾವುದೂ ತಪ್ಪಲ್ಲ. ಕೇಳಿದ ಪ್ರಶ್ನೆಗಳು ಬೇರೆಯಾದುದರಿಂದ ಉತ್ತರಗಳೂ ಬೇರೆಯಾದುವು.

2014ನೆಯ ಇಸವಿಯಲ್ಲಿ ಯೂರೋಪಿನ ಫಾರ್ಮುಲ 3 ಮೋಟಾರು ಪಂದ್ಯಮಾಲೆಯಲ್ಲಿ ಇಂಥದೇ ಒಂದು ಪ್ರಸಂಗ ನಡೆಯಿತು. ಹತ್ತು ಪಂದ್ಯಗಳನ್ನು ಗೆದ್ದ ಹುಡುಗನು ವರ್ಷದ ಕೊನೆಯಲ್ಲಿ ಮೂರನೆಯವನಾದನು. ಒಂಬತ್ತನ್ನು ಗೆದ್ದವನು ಮೊದಲಿಗನಾದನು. ಆದರೆ ಜಗತ್ತಿನ ಅತ್ಯುನ್ನತ ಪಂದ್ಯಗಳಿಗೆ ಮೊದಲು ಕರೆ ಬಂದದ್ದು ಮೂರನೆಯವನಿಗೆ! ಇದು ಹೇಗಾಯಿತು, ಇದರಲ್ಲಿ ನಾವು ಕಲಿಯಬಹುದಾದ ಭೌತವಿಜ್ಞಾನವೂ ಗಣಿತವೂ ಏನಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಏಣಿಯ ನಡುವಣ ಮೆಟ್ಟಿಲು

ಮೋಟಾರು ಪಂದ್ಯಗಳಲ್ಲಿ ಫಾರ್ಮುಲ ಎಂದರೆ ಕಟ್ಟಳೆ. ಎಂಜಿನ್ನು ಎಷ್ಟು ದೊಡ್ಡದಿರಬೇಕು, ಕಾರು ಎಷ್ಟು ತೂಗಬೇಕು, ರೆಕ್ಕೆ ಎಷ್ಟು ಅಗಲವಿರಬೇಕು ಮುಂತಾದ ನಿಯಮಗಳೆಲ್ಲವನ್ನೂ ಒಟ್ಟಾಗಿ ಹೀಗೆ ಕರೆಯುವರು. ಎಲ್ಲಕ್ಕಿಂತ ಮೇಲಿರುವುದು ಫಾರ್ಮುಲ 1. ಅದಕ್ಕೆ ಏರಬಯಸುವ ತರುಣರು ಬಾಲ್ಯದಲ್ಲಿ ಕಾರ್ಟ್ ಎಂಬ ಪುಟ್ಟ ಬಂಡಿಗಳನ್ನು ಓಡಿಸಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬರಬೇಕು. ಫಾರ್ಮುಲ 3 ಈ ಏಣಿಯ ನಡುವಣ ಮೆಟ್ಟಿಲು. 1950ರಲ್ಲಿ 500 ಘನ ಸೆಂಟಿಮೀಟರಿನ ಸಣ್ಣ ಎಂಜಿನ್ನುಗಳಿಂದ ಅದು ಆರಂಭವಾಯಿತು. ಈ ದರ್ಜೆಯಲ್ಲಿ ಯೂರೋಪಿನ ಚಾಂಪಿಯನ್ ಪದವಿಗಾಗಿ 1975ರಿಂದ 1984ರವರೆಗೆ ಪಂದ್ಯಗಳು ನಡೆದುವು. 2012ರಲ್ಲಿ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್.ಐ.ಎ. ಆ ಪದವಿಯನ್ನು ಮತ್ತೆ ಸ್ಥಾಪಿಸಿ 2018ರವರೆಗೆ ನಡೆಸಿತು. ನಾವು ವಿವರಿಸಲಿರುವುದು ಅದರ ಮೂರನೆಯ ವರ್ಷವನ್ನು.

ಇಂಥ ಪಂದ್ಯಮಾಲೆಯ ಉದ್ದೇಶವು ಪ್ರಯೋಗಶಾಲೆಯ ಉದ್ದೇಶವನ್ನು ಹೋಲುತ್ತದೆ. ಉಪ್ಪು ನೀರಿನಲ್ಲಿ ಕರಗುವ ವೇಗದ ಮೇಲೆ ಉಷ್ಣತೆಯ ಪರಿಣಾಮವನ್ನು ತಿಳಿಯಬೇಕಾದರೆ, ಉಪ್ಪಿನ ತೂಕವನ್ನೂ ನೀರಿನ ಅಳತೆಯನ್ನೂ ಬದಲಿಸದೆ ಉಷ್ಣತೆಯೊಂದನ್ನೇ ಬದಲಿಸುವೆವು. ಅದರಂತೆಯೇ ಚಾಲಕರನ್ನು ಹೋಲಿಸಬೇಕಾದರೆ ಕಾರುಗಳು ಒಂದೇ ಬಗೆಯವಾಗಿರಬೇಕು. ಆ ವರ್ಷದ ಕಾರುಗಳ ಒಡಲು ಇಟಲಿಯ ದಲ್ಲಾರ ಕಾರ್ಖಾನೆಯದು. ಟೈರುಗಳನ್ನು ಎಲ್ಲರಿಗೂ ಕೊರಿಯ ದೇಶದ ಹಾನ್‌ಕುಕ್ ಸಂಸ್ಥೆಯೇ ಒದಗಿಸುತ್ತಿತ್ತು. ಎಂಜಿನ್ನುಗಳು ಮಾತ್ರ ಮರ್ಸಿಡಿಸ್, ಫೋಕ್ಸ್‌ವಾಗನ್ ಮೊದಲಾದ ಬೇರೆ ಬೇರೆ ಹೆಸರಿನವಾಗಿದ್ದುವು. ಅವುಗಳ ಶಕ್ತಿಯನ್ನು ಸರಿದೂಗಿಸಲು ಒಕ್ಕೂಟವು ಅನುಸರಿಸಿದ ಉಪಾಯವು ಸ್ವಾರಸ್ಯವಾದುದು.

ಉಸಿರು ಬಿಗಿದ ಎಂಜಿನ್ನು

ಈ ಎಂಜಿನ್ನುಗಳಲ್ಲಿ ನಾಲ್ಕು ಸಿಲಿಂಡರುಗಳಿದ್ದು, ಒಟ್ಟು ಗಾತ್ರ 2000 ಘನ ಸೆಂಟಿಮೀಟರು. ಇಂಥ ಎಂಜಿನ್ನನ್ನು ಸ್ವತಂತ್ರವಾಗಿ ಬಿಟ್ಟರೆ ಹಣವುಳ್ಳವರು ಅದರಿಂದ ಇನ್ನೂ ಹೆಚ್ಚು ಶಕ್ತಿಯನ್ನು ಹೊರತೆಗೆಯಬಲ್ಲರು. ಆದಕಾರಣ ಎಂಜಿನ್ನು ಸೇವಿಸುವ ಗಾಳಿಯೆಲ್ಲವೂ 28 ಮಿಲಿಮೀಟರು ವ್ಯಾಸದ ಒಂದೇ ಒಂದು ರಂಧ್ರದ ಮೂಲಕ ಹಾದುಹೋಗಬೇಕೆಂದು ನಿಯಮವಿತ್ತು. ಆ ರಂಧ್ರವು ನಮ್ಮ ಹತ್ತು ರೂಪಾಯಿಯ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ.

ಎಂಜಿನ್ನು ಇನ್ನಷ್ಟು ಬಲವಾಗಿ ಹೀರಿದರೆ ಆ ರಂಧ್ರದಿಂದಲೇ ಹೆಚ್ಚು ಗಾಳಿ ಬರಲಾರದೇ ಎಂದು ವಾಚಕರು ಕೇಳಬಹುದು. ಒಂದು ಮಿತಿಯವರೆಗೆ ಬರುತ್ತದೆ. ಒಳಗಿನ ಒತ್ತಡವು ಕಡಮೆಯಾದಷ್ಟೂ ಗಾಳಿಯು ಹೆಚ್ಚು ರಭಸದಿಂದ ನುಗ್ಗುತ್ತದೆ. ಆದರೆ ಒಳಗಿನ ಒತ್ತಡವು ಹೊರಗಿನದರ ಸುಮಾರು ಅರ್ಧಕ್ಕೆ ಇಳಿದಾಗ, ಕಿರಿದಾದ ಆ ಕಂಠದಲ್ಲಿ ಗಾಳಿಯ ವೇಗವು ಶಬ್ದದ ವೇಗವನ್ನು ಮುಟ್ಟುತ್ತದೆ. ಒಳಗೆ ಒತ್ತಡವು ಮತ್ತಷ್ಟು ಇಳಿದಿದೆ ಎಂಬ ಸುದ್ದಿಯು ಗಾಳಿಯಲ್ಲಿ ಶಬ್ದದ ವೇಗದಲ್ಲಿಯೇ ಹರಡತಕ್ಕದ್ದು. ಗಾಳಿಯೇ ಅಷ್ಟೇ ವೇಗದಿಂದ ಎದುರು ಬರುತ್ತಿರುವಾಗ ಆ ಸುದ್ದಿಯು ಕಂಠವನ್ನು ದಾಟಿ ಹೊರಗೆ ಮುಟ್ಟಲಾರದು. ಹೊಳೆಯ ಸೆಳವಿನಷ್ಟೇ ವೇಗವಾಗಿ ಎದುರೀಜುವವನು ಇದ್ದಲ್ಲೇ ಇರುವಂತೆ ಇದು. ಆದುದರಿಂದ ಎಷ್ಟೇ ಬಲವಾಗಿ ಹೀರಿದರೂ ಗಾಳಿಯ ಪ್ರಮಾಣವು ಹೆಚ್ಚುವುದಿಲ್ಲ.

ಈಗ ಒಂದು ಲೆಕ್ಕವನ್ನು ಮಾಡೋಣ. ಸಾಮಾನ್ಯ ಒತ್ತಡದಲ್ಲಿಯೂ ಉಷ್ಣತೆಯಲ್ಲಿಯೂ, ಹೀಗೆ ಮಿತಿಯನ್ನು ಮುಟ್ಟಿದ ರಂಧ್ರದ ಒಂದೊಂದು ಚದರ ಸೆಂಟಿಮೀಟರಿನ ಮೂಲಕ ಸೆಕೆಂಡಿಗೆ ಸುಮಾರು 24 ಗ್ರಾಂ ಗಾಳಿ ಸಾಗುತ್ತದೆ. 28 ಮಿಲಿಮೀಟರಿನ ರಂಧ್ರದ ವಿಸ್ತೀರ್ಣ 6.16 ಚದರ ಸೆಂಟಿಮೀಟರು. ಅಂದರೆ ಸೆಕೆಂಡಿಗೆ 148 ಗ್ರಾಂ ಗಾಳಿ. ಸುಮಾರು 13 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲಿನಂತೆ, 11.4 ಗ್ರಾಂ ಪೆಟ್ರೋಲನ್ನು ಉರಿಸಬಹುದು. 1 ಗ್ರಾಂ ಪೆಟ್ರೋಲು ಸುಮಾರು 43 ಕಿಲೋಜೂಲ್ ಶಾಖವನ್ನು ಕೊಡುವುದರಿಂದ ಒಟ್ಟು 490 ಕಿಲೋವ್ಯಾಟ್ ಆಯಿತು. ಇದರಲ್ಲಿ ನೂರಕ್ಕೆ 36 ಪಾಲು ಮಾತ್ರ ಚಕ್ರವನ್ನು ತಿರುಗಿಸುವ ಕೆಲಸಕ್ಕೆ ಒದಗಿತೆಂದು ಇಟ್ಟುಕೊಂಡರೆ 176 ಕಿಲೋವ್ಯಾಟ್, ಎಂದರೆ ಸುಮಾರು 240 ಅಶ್ವಶಕ್ತಿ. ಈ ಎಂಜಿನ್ನುಗಳ ಶಕ್ತಿಯೂ ಹೆಚ್ಚು ಕಡಮೆ ಇಷ್ಟೇ! ಒಂದು ರಂಧ್ರದ ಅಳತೆಯಿಂದ ಎಂಜಿನ್ನಿನ ಬಲವನ್ನು ಹೀಗೆ ಕಾಗದದ ಮೇಲೆ ಕಂಡುಹಿಡಿಯಬಹುದೆಂಬುದು ಗಮನಿಸತಕ್ಕ ಸಂಗತಿ.

ರೆಕ್ಕೆಯೂ ತಿರುವೂ

ಚಾಲಕನನ್ನೂ ಸೇರಿಸಿ 600 ಕಿಲೋಗ್ರಾಮಿಗೂ ಕಡಮೆ ತೂಗುವ ಈ ಕಾರಿಗೆ 240 ಅಶ್ವಶಕ್ತಿ ಸ್ವಲ್ಪವೇನೂ ಅಲ್ಲ. ಆದರೂ ಪಂದ್ಯದ ಸೋಲು ಗೆಲುವುಗಳು ನಿರ್ಧಾರವಾಗುವುದು ಬಹುಮಟ್ಟಿಗೆ ತಿರುವುಗಳಲ್ಲಿ. ದಾರಕ್ಕೆ ಕಲ್ಲನ್ನು ಕಟ್ಟಿ ತಿರುಗಿಸುವಾಗ ದಾರವು ಅದನ್ನು ಕೇಂದ್ರದ ಕಡೆಗೆ ಎಳೆಯುವಂತೆ, ತಿರುವಿನಲ್ಲಿ ಕಾರನ್ನು ಒಳಕ್ಕೆ ಎಳೆಯುವುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಬೇಕಾದ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಘರ್ಷಣಾಂಕವು 1.5 ಎಂದು ಭಾವಿಸಿದರೆ, 15 ಮೀಟರು ತ್ರಿಜ್ಯದ ಬಿಗಿಯಾದ ತಿರುವನ್ನು ಗಂಟೆಗೆ ಸುಮಾರು 53 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ದಾಟಲಾಗದು. 200 ಮೀಟರು ತ್ರಿಜ್ಯದ ತಿರುವಿಗೆ ಈ ಮಿತಿಯು ಸುಮಾರು 195 ಕಿಲೋಮೀಟರು.

ಕಾರಿನ ಹಿಂದೆ ಮುಂದೆ ಇರುವ ರೆಕ್ಕೆಗಳು ಈ ಮಿತಿಯನ್ನು ಮೇಲಕ್ಕೆ ಸರಿಸುತ್ತವೆ. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿದಂತಿರುವ ಇವು ಕಾರನ್ನು ನೆಲಕ್ಕೆ ಒತ್ತುತ್ತವೆ. ಒತ್ತಿದಷ್ಟೂ ಘರ್ಷಣೆ ಹೆಚ್ಚುತ್ತದೆ. ಈ ಒತ್ತುವ ಬಲವೂ ವೇಗದ ವರ್ಗವನ್ನೇ ಅನುಸರಿಸುವುದರಿಂದ ಗಂಟೆಗೆ 200 ಕಿಲೋಮೀಟರಿನಲ್ಲಿ ದೊರೆಯುವ ಬಲವು 50 ಕಿಲೋಮೀಟರಿನಲ್ಲಿ ದೊರೆಯುವುದರ ಹದಿನಾರು ಪಟ್ಟು. ಆದುದರಿಂದ ವಿಶಾಲವಾದ ತಿರುವಿನಲ್ಲಿ ಚಾಲಕನು ರೆಕ್ಕೆಯನ್ನು ನಂಬಿ ಧೈರ್ಯದಿಂದ ನುಗ್ಗಬೇಕು; ಬಿಗಿಯಾದ ತಿರುವಿನಲ್ಲಿ ರೆಕ್ಕೆಯ ನೆರವನ್ನು ಮರೆತು ಬ್ರೇಕನ್ನೂ ಟೈರನ್ನೂ ನಂಬಬೇಕು. ಇವು ಎರಡು ಬೇರೆ ಬೇರೆ ವಿದ್ಯೆಗಳು. ಒಂದನ್ನು ಬಲ್ಲವನು ಇನ್ನೊಂದನ್ನೂ ಬಲ್ಲನೆಂದು ಹೇಳಲಾಗದು.

ಮೂವತ್ತಮೂರು ಪಂದ್ಯಗಳು

2014ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ಆರಂಭವಾದ ಪಂದ್ಯಮಾಲೆಯು ಅಕ್ಟೋಬರಿನಲ್ಲಿ ಜರ್ಮನಿಯ ಹಾಕನ್‌ಹೈಮಿನಲ್ಲಿ ಮುಗಿಯಿತು. ನಡುವೆ ಫ್ರಾನ್ಸಿನ ಪೋ ನಗರದ ಬೀದಿಗಳು, ಹಂಗೆರಿಯ ಹಂಗರೋರಿಂಗ್, ಬೆಲ್ಜಿಯಮ್ಮಿನ ಸ್ಪಾ, ಮಾಸ್ಕೋ, ಆಸ್ಟ್ರಿಯದ ಬೆಟ್ಟಗಳ ನಡುವಣ ರೆಡ್ ಬುಲ್ ರಿಂಗ್, ಇಟಲಿಯ ಇಮೋಲ ಮುಂತಾದ ಎಡೆಗಳನ್ನು ಅದು ಸುತ್ತಿತು. ಒಟ್ಟು 11 ಕೂಟಗಳು. ಕೂಟಕ್ಕೆ ಮೂರರಂತೆ 33 ಪಂದ್ಯಗಳು. ಪ್ರತಿಯೊಂದು ಪಂದ್ಯದ ಅವಧಿ ಸುಮಾರು ಅರ್ಧ ಗಂಟೆ.

ಸ್ಪರ್ಧಿಗಳಲ್ಲಿ ಮೂವರನ್ನು ನಾವು ವಿಶೇಷವಾಗಿ ಗಮನಿಸಬೇಕು. ಮೊದಲನೆಯವನು ಫ್ರಾನ್ಸಿನ ಎಸ್ತೆಬಾನ್ ಓಕಾನ್. ಆಗ ಅವನಿಗೆ ಹದಿನೇಳು ವರ್ಷ. ತಂದೆ ಗ್ಯಾರೇಜಿನ ಮೆಕ್ಯಾನಿಕ್. ಮಗನ ಪಂದ್ಯಗಳ ವೆಚ್ಚಕ್ಕಾಗಿ ಆ ಕುಟುಂಬವು ಮನೆಯನ್ನು ಮಾರಿ, ಕಾರಿಗೆ ಕಟ್ಟಿ ಎಳೆಯುವ ಚಕ್ರದ ಮನೆಯಲ್ಲಿ ವಾಸಮಾಡಿತು. ಈ ದರ್ಜೆಯಲ್ಲಿ ಒಂದು ವರ್ಷ ಸ್ಪರ್ಧಿಸಲು ಲಕ್ಷಾಂತರ ಯೂರೋಗಳು ಬೇಕಾಗುವುದರಿಂದ ಇಂಥ ಸಂಸಾರಗಳಿಗೆ ಹೊರಗಿನವರ ನೆರವಿಲ್ಲದೆ ಗತಿಯಿಲ್ಲ. ಓಕಾನನಿಗೆ ಇಟಲಿಯ ಪ್ರೇಮ ತಂಡದಲ್ಲಿ ಸ್ಥಾನ ದೊರೆಯಿತು.

ಎರಡನೆಯವನು ಹಾಲೆಂಡಿನ ಮ್ಯಾಕ್ಸ್ ವರ್ಸ್ಟಾಪನ್. 1997ರ ಸೆಪ್ಟೆಂಬರ್ 30ರಂದು ಹುಟ್ಟಿದ ಇವನಿಗೆ ಋತುವಿನ ಆರಂಭದಲ್ಲಿ ಹದಿನಾರೇ ವರ್ಷ. ತಂದೆ ಯೋಸ್ ವರ್ಸ್ಟಾಪನ್ ಹಿಂದೆ ಫಾರ್ಮುಲ 1ರಲ್ಲಿ ಸ್ಪರ್ಧಿಸಿದವನು. ತಾಯಿ ಸೋಫಿ ಕುಂಪನ್ ಕಾರ್ಟ್ ಪಂದ್ಯಗಳಲ್ಲಿ ಹೆಸರಾದವಳು. ಹುಡುಗನಿಗೆ ಕಾರುಗಳ ಪಂದ್ಯದಲ್ಲಿ ಇದೇ ಮೊದಲನೆಯ ಪೂರ್ಣ ವರ್ಷ. ತಂಡವು ಸ್ವದೇಶದ ವಾನ್ ಆಮರ್ಸ್‌ಫೂರ್ಟ್. ಮೂರನೆಯವನು ಟಾಮ್ ಬ್ಲಾಂಕ್ವಿಸ್ಟ್. ಇವನ ತಂದೆ ಸ್ಟಿಗ್ ಬ್ಲಾಂಕ್ವಿಸ್ಟ್ 1984ರ ವಿಶ್ವ ರ‍್ಯಾಲಿ ಚಾಂಪಿಯನ್. ಟಾಮನು ಮೂವರಲ್ಲಿ ಹಿರಿಯನು, ಈ ದರ್ಜೆಯಲ್ಲಿ ಹಿಂದೆಯೂ ಸ್ಪರ್ಧಿಸಿ ಅನುಭವ ಪಡೆದವನು.

ಬೇಸಗೆಯ ನಡುವೆ ವರ್ಸ್ಟಾಪನನು ಎಲ್ಲರನ್ನೂ ಬೆರಗುಗೊಳಿಸಿದನು. ಸ್ಪಾದಲ್ಲಿ ನಡೆದ ಮೂರು ಪಂದ್ಯಗಳನ್ನೂ, ಅದರ ಮುಂದಿನ ಕೂಟವಾದ ನೊರಿಸ್‌ರಿಂಗಿನ ಮೂರು ಪಂದ್ಯಗಳನ್ನೂ ಸಾಲಾಗಿ ಗೆದ್ದನು. ಈ ಎರಡು ಎಡೆಗಳ ಭೇದವನ್ನು ನೋಡಿದರೆ ಈ ಸಾಧನೆಯ ಬೆಲೆ ತಿಳಿಯುತ್ತದೆ. ಸ್ಪಾದ ಒಂದು ಸುತ್ತು 7 ಕಿಲೋಮೀಟರು. ಕಾಡಿನ ನಡುವೆ ಏರಿಳಿಯುವ ದಾರಿ, ವಿಶಾಲವಾದ ತಿರುವುಗಳು, ಉದ್ದವಾದ ನೇರ ಹಾದಿ. ಅಲ್ಲಿ ರೆಕ್ಕೆಯನ್ನು ಹೆಚ್ಚಿಸಿದರೆ ತಿರುವಿನಲ್ಲಿ ಲಾಭ, ನೇರ ಹಾದಿಯಲ್ಲಿ ಗಾಳಿಯ ತಡೆಯಿಂದ ನಷ್ಟ. ನೊರಿಸ್‌ರಿಂಗ್ ನ್ಯೂರೆಂಬರ್ಗ್ ನಗರದ ರಸ್ತೆಗಳಲ್ಲಿ ರಚಿಸಿದ 2.3 ಕಿಲೋಮೀಟರಿನ ಪುಟ್ಟ ಸುತ್ತು. ಹಿಂದೆ ನಾಟ್ಸಿಗಳ ಸಭೆಗಳು ನಡೆಯುತ್ತಿದ್ದ ಕಲ್ಲಿನ ಮೆಟ್ಟಿಲುಗಳ ಮುಂದೆಯೇ ಅದು ಹಾದುಹೋಗುತ್ತದೆ. ಅಲ್ಲಿ ವೇಗವಾಗಿ ಓಡಿ, ಬಲವಾಗಿ ಬ್ರೇಕು ಹಾಕಿ, ಬಹುತೇಕ ಹಿಂದಿರುಗಿದಂತೆ ತಿರುಗುವುದೇ ಕೆಲಸ. ನಾವು ಮೇಲೆ ಹೇಳಿದ ಎರಡು ವಿದ್ಯೆಗಳೂ ಹದಿನಾರು ವರ್ಷದ ಒಬ್ಬನೇ ಹುಡುಗನಲ್ಲಿ ಸೇರಿದ್ದುವು.

ಆದರೂ ಪದವಿಯು ಓಕಾನನಿಗೆ ಸಂದಿತು. ಕೊನೆಯ ಕೂಟಕ್ಕೆ ಮುನ್ನವೇ, ಇಮೋಲದಲ್ಲಿ, ಅವನನ್ನು ಮೀರಲು ಯಾರಿಗೂ ಸಾಧ್ಯವಿಲ್ಲದಂತಾಯಿತು. ಕೊನೆಯ ಪಟ್ಟಿಯಲ್ಲಿ ಓಕಾನನಿಗೆ 478 ಅಂಕಗಳು, ಬ್ಲಾಂಕ್ವಿಸ್ಟನಿಗೆ 420, ವರ್ಸ್ಟಾಪನನಿಗೆ 411.

ಅಂಕಗಳ ಗಣಿತ

ಪ್ರತಿ ಪಂದ್ಯದಲ್ಲಿಯೂ ಮೊದಲ ಹತ್ತು ಮಂದಿಗೆ ಕ್ರಮವಾಗಿ 25, 18, 15, 12, 10, 8, 6, 4, 2, 1 ಅಂಕಗಳು ದೊರೆಯುತ್ತಿದ್ದುವು. ವರ್ಸ್ಟಾಪನನ ಹತ್ತು ಗೆಲುವುಗಳಿಗೆ 250 ಅಂಕಗಳು. ಉಳಿದ 23 ಪಂದ್ಯಗಳಿಂದ ಅವನು ಪಡೆದದ್ದು 161, ಸರಾಸರಿ 7. ಓಕಾನನ ಒಂಬತ್ತು ಗೆಲುವುಗಳಿಗೆ 225 ಅಂಕಗಳು. ಉಳಿದ 24 ಪಂದ್ಯಗಳಿಂದ ಅವನಿಗೆ 253; ಸರಾಸರಿ ಹತ್ತೂವರೆ. ಎಂದರೆ ಗೆಲ್ಲದ ದಿನಗಳಲ್ಲಿ ಒಬ್ಬನ ಗಳಿಕೆಯು ಐದನೆಯ ಸ್ಥಾನಕ್ಕಿಂತ ಸ್ವಲ್ಪ ಮೇಲಿನದು. ಇನ್ನೊಬ್ಬನದು ಆರನೆಯದಕ್ಕೂ ಏಳನೆಯದಕ್ಕೂ ನಡುವಣದು. ಮೊದಲ ಮೂರು ಸ್ಥಾನಗಳೊಳಗೆ ಓಕಾನನು 21 ಸಲ ಬಂದನು. ವರ್ಸ್ಟಾಪನನು 16 ಸಲ. ಪದವಿಯನ್ನು ತಂದದ್ದು ಓಕಾನನ ಗೆಲ್ಲದ ದಿನಗಳು.

ಅಂಕಗಳ ಕಟ್ಟಳೆಯೇ ಗೆಲುವಿಗೆ ಅನ್ಯಾಯ ಮಾಡಿತೆ? ಇದನ್ನೂ ಲೆಕ್ಕದಿಂದಲೇ ಪರೀಕ್ಷಿಸೋಣ. ಇಬ್ಬರ ಅಂತರ 67 ಅಂಕಗಳು. ಗೆಲುವಿನ ಸಂಖ್ಯೆಯಲ್ಲಿ ವರ್ಸ್ಟಾಪನನದು ಒಂದೇ ಒಂದು ಹೆಚ್ಚು. ಆದಕಾರಣ ಗೆಲುವಿನ ಬೆಲೆಯನ್ನು 67 ಅಂಕಗಳಷ್ಟು ಏರಿಸಿ, 25ರ ಬದಲು 92 ಮಾಡಿದರೆ ಮಾತ್ರ ಇಬ್ಬರೂ ಸಮನಾಗುವರು. ಎರಡನೆಯವನಿಗೆ 18, ಮೊದಲನೆಯವನಿಗೆ 92 ಎಂಬ ಕಟ್ಟಳೆಯನ್ನು ಯಾರೂ ನ್ಯಾಯವೆನ್ನಲಾರರು. ಆದ್ದರಿಂದ ಪಟ್ಟಿಯ ತೀರ್ಪು ಅಳತೆಗೋಲಿನ ಚಮತ್ಕಾರವಲ್ಲ. ವರ್ಷವಿಡೀ ಸಮನಾಗಿ ಉತ್ತಮ ಫಲವನ್ನು ತಂದವನು ಯಾರು ಎಂಬ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿತು.

ಪಟ್ಟಿಯು ಹೇಳದ ಮಾತು

ಆದರೆ ಪಟ್ಟಿಗೆ ಕೆಲವು ಮಾತುಗಳು ತಿಳಿಯವು. ಚಾಲಕನು ತಪ್ಪಿ ಗೋಡೆಗೆ ಹೊಡೆದರೂ ಸೊನ್ನೆ. ಚಾಲಕನ ತಪ್ಪಿಲ್ಲದೆ ಎಂಜಿನ್ನು ಕೆಟ್ಟರೂ ಸೊನ್ನೆ. ಎರಡನ್ನೂ ಪಟ್ಟಿಯು ಒಂದೇ ಅಂಕಿಯಿಂದ ಬರೆಯುತ್ತದೆ. ಕಾರಿನ ಒಡಲು ಒಂದೇ ಆದರೂ ಅದನ್ನು ಹದಗೊಳಿಸುವ ತಂಡಗಳು ಬೇರೆ, ಎಂಜಿನ್ನುಗಳು ಬೇರೆ. ಒಬ್ಬನು ಹಿಂದೆ ಎಷ್ಟು ವರ್ಷ ಕಲಿತಿದ್ದನು, ಇನ್ನೊಬ್ಬನು ಎಷ್ಟು ಬೇಗ ಕಲಿಯುತ್ತಿರುವನು ಎಂಬುದಕ್ಕೆ ಅದರಲ್ಲಿ ಅಂಕಣವಿಲ್ಲ. ಆದ್ದರಿಂದ ಪಟ್ಟಿಯು ಅಳೆದದ್ದು ಚಾಲಕನೊಬ್ಬನನ್ನೇ ಅಲ್ಲ. ಚಾಲಕ, ತಂಡ, ಯಂತ್ರ, ಅದೃಷ್ಟ ಇವು ನಾಲ್ಕೂ ಸೇರಿದ ಫಲವನ್ನು.

ಫಾರ್ಮುಲ 1ರ ತಂಡಗಳು ಕೇಳುತ್ತಿದ್ದ ಪ್ರಶ್ನೆಯೂ ಬೇರೆಯಾಗಿತ್ತು. ಈತನು ಇನ್ನು ಎಷ್ಟು ಎತ್ತರಕ್ಕೆ ಏರಬಲ್ಲನು ಎಂಬುದೇ ಅವುಗಳ ಪ್ರಶ್ನೆ. 2014ರ ಆಗಸ್ಟಿನಲ್ಲಿ, ಪಂದ್ಯಮಾಲೆಯು ಮುಗಿಯುವ ಮೊದಲೇ, ಟೋರೊ ರೊಸೊ ತಂಡವು ಮುಂದಿನ ವರ್ಷಕ್ಕೆ ವರ್ಸ್ಟಾಪನನನ್ನು ಆರಿಸಿಕೊಂಡಿತು. 2015ರ ಮಾರ್ಚ್ 15ರಂದು ಆಸ್ಟ್ರೇಲಿಯದ ಪಂದ್ಯದಲ್ಲಿ ಇಳಿದಾಗ ಅವನ ವಯಸ್ಸು 17 ವರ್ಷ 166 ದಿನಗಳು. ಇಷ್ಟು ಚಿಕ್ಕವನು ಅದುವರೆಗೆ ಯಾರೂ ಫಾರ್ಮುಲ 1ರಲ್ಲಿ ಸ್ಪರ್ಧಿಸಿರಲಿಲ್ಲ. ಮಾರನೆಯ ವರ್ಷ ಸ್ಪೇನಿನಲ್ಲಿ ಗೆದ್ದು, 2021ರಿಂದ 2024ರವರೆಗೆ ನಾಲ್ಕು ವರ್ಷ ಸಾಲಾಗಿ ಅವನು ವಿಶ್ವ ಚಾಂಪಿಯನ್ನನಾದನು.

ಅವನನ್ನು ಸೋಲಿಸಿದ ಓಕಾನನು ಕಾಯಬೇಕಾಯಿತು. 2015ರಲ್ಲಿ ಜಿ.ಪಿ. 3 ಎಂಬ ಮತ್ತೊಂದು ಕಿರಿಯರ ಪದವಿಯನ್ನು ಗೆದ್ದು, 2016ರ ಆಗಸ್ಟಿನಲ್ಲಿ, ವರ್ಷದ ನಡುವೆ ತೆರವಾದ ಒಂದು ಸ್ಥಾನದಲ್ಲಿ, ಸಣ್ಣದಾದ ಮ್ಯಾನರ್ ತಂಡದ ಮೂಲಕ ಅವನು ಫಾರ್ಮುಲ 1ಕ್ಕೆ ಬಂದನು. 2019ರಲ್ಲಿ ಸ್ಥಾನವಿಲ್ಲದೆ ಒಂದು ವರ್ಷ ಹೊರಗುಳಿದನು. 2021ರ ಆಗಸ್ಟ್ 1ರಂದು, ಹಿಂದೆ ಹುಡುಗನಾಗಿ ಓಡಿಸಿದ್ದ ಅದೇ ಹಂಗರೋರಿಂಗಿನಲ್ಲಿ, ಅವನು ಮೊದಲ ಫಾರ್ಮುಲ 1 ಗೆಲುವನ್ನು ಪಡೆದನು. ಮನೆಯನ್ನು ಮಾರಿದ ಸಂಸಾರದ ತ್ಯಾಗಕ್ಕೆ ಆ ದಿನ ಫಲ ಕಾಣಿಸಿತೆನ್ನಬಹುದು. ಪಟ್ಟಿಯಲ್ಲಿ ಇವರಿಬ್ಬರ ನಡುವೆ ಇದ್ದ ಬ್ಲಾಂಕ್ವಿಸ್ಟನಿಗೆ ಫಾರ್ಮುಲ 1ರ ಬಾಗಿಲು ತೆರೆಯಲಿಲ್ಲ. ಅವನು ದೀರ್ಘಾವಧಿಯ ಪಂದ್ಯಗಳ ಕಡೆಗೆ ತಿರುಗಿ, ಅಮೆರಿಕದ ಡೇಟೋನದಲ್ಲಿ ನಡೆಯುವ 24 ಗಂಟೆಗಳ ಪಂದ್ಯವನ್ನು 2022ರಲ್ಲಿಯೂ 2023ರಲ್ಲಿಯೂ ತನ್ನ ಸಂಗಡಿಗರೊಡನೆ ಗೆದ್ದನು.

ಹದಿನೇಳು ವರ್ಷದ ಹುಡುಗನನ್ನು ಗಂಟೆಗೆ 300 ಕಿಲೋಮೀಟರು ವೇಗದ ಪಂದ್ಯಕ್ಕೆ ಇಳಿಸುವುದು ಸರಿಯೇ ಎಂಬ ಚರ್ಚೆಯು ಆಗ ಬಲವಾಗಿ ನಡೆಯಿತು. ಅದರ ಫಲವಾಗಿ 2016ರಿಂದ ಫಾರ್ಮುಲ 1ರ ಪರವಾನಗಿಗೆ 18 ವರ್ಷ ತುಂಬಿರಬೇಕೆಂದೂ, ಕಿರಿಯರ ಪಂದ್ಯಗಳಲ್ಲಿ ಮೂರು ವರ್ಷಗಳೊಳಗೆ 40 ಅರ್ಹತಾ ಅಂಕಗಳನ್ನು ಗಳಿಸಿರಬೇಕೆಂದೂ ಒಕ್ಕೂಟವು ನಿಯಮ ಮಾಡಿತು. ಅಸಾಧಾರಣ ಸಮರ್ಥರಾದವರಿಗೆ 17ರಲ್ಲಿಯೇ ಅನುಮತಿ ಕೊಡಬಹುದೆಂಬ ವಿನಾಯಿತಿಯನ್ನು 2024ರಲ್ಲಿ ಸೇರಿಸಲಾಯಿತು. ಕಿರಿಯರ ಪಟ್ಟಿಯ ಅಂಕಿಗಳಿಗೆ ಹೀಗೆ ಹೊಸದೊಂದು ಬೆಲೆ ಬಂದಿತು. ನಮ್ಮ ಬೆಂಗಳೂರಿನ ಅರ್ಜುನ್ ಮೈನಿಯು 2015ರಲ್ಲಿ ಇದೇ ಯೂರೋಪಿನ ಪಂದ್ಯಮಾಲೆಯಲ್ಲಿ, ಅದೇ ವಾನ್ ಆಮರ್ಸ್‌ಫೂರ್ಟ್ ತಂಡದ ಪರವಾಗಿ ಸ್ಪರ್ಧಿಸಿದನೆಂಬುದನ್ನು ಇಲ್ಲಿ ನೆನೆಯಬಹುದು.

ಮೊದಲು ಹೇಳಿದ ತರಗತಿಗೆ ಮರಳೋಣ. ಅಂಕಗಳ ಪಟ್ಟಿಯನ್ನು ಸುಳ್ಳೆಂದು ತಳ್ಳುವುದು ಎಷ್ಟು ತಪ್ಪೋ, ಅದೇ ಸರ್ವಸ್ವವೆಂದು ತಿಳಿಯುವುದೂ ಅಷ್ಟೇ ತಪ್ಪು. ಉಷ್ಣತಾಮಾಪಕವು ಜ್ವರವನ್ನು ಸರಿಯಾಗಿ ಅಳೆಯುತ್ತದೆ. ಜ್ವರದ ಕಾರಣವನ್ನು ಹೇಳುವುದಿಲ್ಲ. ಅದಕ್ಕಾಗಿ ಯಾರೂ ಮಾಪಕವನ್ನು ಒಡೆಯರು. ವೈದ್ಯರು ಬೇರೆ ಪ್ರಶ್ನೆಗಳನ್ನೂ ಕೇಳುವರು. ಯಾವ ಅಳತೆಯೇ ಆಗಲಿ, ಅದು ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಮೊದಲು ವಿಚಾರಿಸುವುದು ವಿಜ್ಞಾನದ ಅಭ್ಯಾಸಿಗೆ ಇರಬೇಕಾದ ಮೊದಲ ಗುಣ. ತನ್ನ ಅಂಕಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಿಂತ ವಿದ್ಯಾರ್ಥಿಗೂ ಈ ಮಾತು ಸಲ್ಲುತ್ತದೆ.

ಅಭ್ಯಾಸಕ್ಕಾಗಿ

1. ಗಾಳಿಯ ರಂಧ್ರದ ವ್ಯಾಸವು 28ರ ಬದಲು 26 ಮಿಲಿಮೀಟರಾದರೆ ಎಂಜಿನ್ನಿನ ಶಕ್ತಿಯು ಎಷ್ಟಾಗುವುದು? (ಉತ್ತರ: ಸುಮಾರು 207 ಅಶ್ವಶಕ್ತಿ.)

2. ಮಳೆಯಿಂದ ಘರ್ಷಣಾಂಕವು 1.5ರಿಂದ 0.75ಕ್ಕೆ ಇಳಿದರೆ, 15 ಮೀಟರು ತ್ರಿಜ್ಯದ ತಿರುವಿನ ವೇಗದ ಮಿತಿಯೂ ಅರ್ಧಕ್ಕೆ ಇಳಿಯುವುದೇ? (ಉತ್ತರ: ಇಲ್ಲ, ಗಂಟೆಗೆ ಸುಮಾರು 38 ಕಿಲೋಮೀಟರಿಗೆ ಇಳಿಯುವುದು. ಕಾರಣವನ್ನು ಯೋಚಿಸಿರಿ.)

3. ಗೆಲುವಿಗೆ 40 ಅಂಕಗಳನ್ನು ಕೊಟ್ಟು, ಉಳಿದುವನ್ನು ಬದಲಿಸದಿದ್ದರೆ ಓಕಾನ್ ಮತ್ತು ವರ್ಸ್ಟಾಪನ್ ಇವರ ಮೊತ್ತಗಳು ಎಷ್ಟಾಗುವುವು? (ಉತ್ತರ: 613 ಮತ್ತು 561.)